ಬಾಗಿಲಿನಿಂದ ಸೀಟಿನವರೆಗೆ: ಫ್ರಂಟ್ ಆಫ್ ಹೌಸ್ ಕಟ್ಟುವುದು ಹೇಗೆ?

ನಾಟಕ ಎಷ್ಟೇ ಚೆನ್ನಾಗಿರಲಿ, ಟಿಕೆಟ್ ಸಾಲಿನಲ್ಲಿ ಕಾದು ಬೇಸತ್ತವರು, ಕತ್ತಲಲ್ಲಿ ಹತ್ತು ಜನರ ಕಾಲು ತುಳಿದು ಸೀಟು ಹುಡುಕಿದವರು, ಇಂಟರ್ವಲ್ ಪೂರ್ತಿ ಶೌಚಾಲಯದ ಮುಂದೆ ನಿಂತವರು ಆಮೇಲೆ ನಾಲ್ಕು ಜನರಿಗೆ ಹೇಳುವುದು ಅದನ್ನೇ. ರೆಸ್ಟೋರೆಂಟ್, ಲಾಡ್ಜ್, ಸಭಾಂಗಣ, ಎಲ್ಲ ಕಡೆಯೂ ಇದೇ ಕತೆ. ಅಡುಗೆ ಚೆನ್ನಾಗಿದ್ದೂ ಜನ ಮತ್ತೆ ಬರುತ್ತಿಲ್ಲ ಅಂದರೆ, ಬಾಗಿಲಿಗೂ ಟೇಬಲ್ಲಿಗೂ ನಡುವೆ ಏನಾಗುತ್ತಿದೆ ಅಂತ ಒಮ್ಮೆ ನೋಡಬೇಕು.

ಆ ನಡುವಿನ ಜಾಗ ಮತ್ತು ಅಲ್ಲಿ ಕೆಲಸ ಮಾಡುವ ಜನ, ಎರಡೂ ಸೇರಿದ್ದೇ ಫ್ರಂಟ್ ಆಫ್ ಹೌಸ್. ಸಿಬ್ಬಂದಿಯ ತಪ್ಪು ಅಂತ ನಾವು ಬೈಯುವುದರಲ್ಲಿ ಎಷ್ಟೋ ಪಾಲು ಅಸಲಿಗೆ ಜಾಗದ ತಪ್ಪು. ರಿಸೆಪ್ಷನ್ ಕೌಂಟರ್ ಬಾಗಿಲಿಗೆ ಬೆನ್ನು ಮಾಡಿಕೊಂಡಿದ್ದರೆ, ಅಲ್ಲಿ ಕೂತವರು ಎಷ್ಟೇ ಒಳ್ಳೆಯವರಾದರೂ ಬಂದವರನ್ನು ನೋಡುವುದಕ್ಕೇ ಆಗುವುದಿಲ್ಲ, ಅಲ್ವಾ? ಅದಕ್ಕೇ ಯಾರು ಏನು ಮಾಡಬೇಕು, ಜಾಗ ಹೇಗಿರಬೇಕು ಎಂಬ ಎರಡನ್ನೂ ಒಟ್ಟಿಗೇ ಕೂತು ಯೋಚಿಸಬೇಕು. ಕಟ್ಟಡ ಒಬ್ಬರು ಮಾಡಿ ಮುಗಿಸಿ, ಆಮೇಲೆ ಇನ್ನೊಬ್ಬರು ಸಿಬ್ಬಂದಿ ಪಟ್ಟಿ ಮಾಡಿದರೆ ಜೋಡಣೆ ಆಗುವುದಿಲ್ಲ.

ಹೆಜ್ಜೆ 1: ಬಂದವರ ದಾರಿಯಲ್ಲಿ ನೀವೇ ನಡೆಯಿರಿ

ಕಾಗದ ಪೆನ್ನು ಹಿಡಿದು ರಸ್ತೆಯಿಂದಲೇ ಶುರು ಮಾಡಿ. ಗಾಡಿ ಎಲ್ಲಿ ನಿಲ್ಲಿಸುತ್ತಾರೆ, ಯಾವ ಬಾಗಿಲು ಅಂತ ಹೇಗೆ ಗೊತ್ತಾಗುತ್ತದೆ, ಒಳಗೆ ಬಂದ ತಕ್ಷಣ ಕಣ್ಣು ಎಲ್ಲಿಗೆ ಹೋಗುತ್ತದೆ, ಟಿಕೆಟ್ ಎಲ್ಲಿ ತೋರಿಸಬೇಕು, ಬ್ಯಾಗು ಎಲ್ಲಿ ಇಡಬೇಕು, ನೀರು ಎಲ್ಲಿ, ಶೌಚಾಲಯ ಎಲ್ಲಿ. ಮನುಷ್ಯ ಎಲ್ಲೆಲ್ಲಿ ಅರೆಕ್ಷಣ ನಿಂತು ಆಕಡೆ ಈಕಡೆ ನೋಡುತ್ತಾನೋ ಅಲ್ಲೆಲ್ಲ ಒಂದು ಗುರುತು ಹಾಕಿ. ಹಾಗೆ ಗುರುತು ಹಾಕಿದ ಪ್ರತಿ ಜಾಗಕ್ಕೂ ಉತ್ತರ ಬೇಕು: ಒಂದು ಬೋರ್ಡ್, ಒಂದು ದೀಪ, ಇಲ್ಲವೇ ಒಬ್ಬ ಮನುಷ್ಯ.

ಈ ಕೆಲಸವನ್ನು ಕಟ್ಟಡ ಮೊದಲೇ ಗೊತ್ತಿರುವವರ ಕೈಯಲ್ಲಿ ಮಾಡಿಸಿದರೆ ಪ್ರಯೋಜನವಿಲ್ಲ. ಅವರಿಗೆ ದಾರಿ ಬಾಯಿಪಾಠ ಆಗಿರುತ್ತದೆ. ಹೊಸಬರೊಬ್ಬರನ್ನು ಕರೆದು, ಏನೂ ಹೇಳದೆ, ಸುಮ್ನೆ ಹಿಂದೆ ನಡೆಯಿರಿ. ವಯಸ್ಸಾದವರ ಜೊತೆ ಒಮ್ಮೆ, ಗಾಲಿಕುರ್ಚಿಯಲ್ಲಿ ಒಮ್ಮೆ, ಮಗುವಿನ ತಳ್ಳುಗಾಡಿ ಹಿಡಿದು ಒಮ್ಮೆ. ಆಗ ಕಾಣುವ ಕಟ್ಟಡವೇ ಬೇರೆ.

ಒಂದು ವಿಷಯ ಖಂಡಿತ ಕಾಣಸಿಗುತ್ತದೆ. ಬಾಗಿಲು ದಾಟಿದ ಮೊದಲ ನಾಲ್ಕೈದು ಹೆಜ್ಜೆಯಲ್ಲಿ ಯಾರೂ ಏನನ್ನೂ ಓದುವುದಿಲ್ಲ. ಬಿಸಿಲಿನಿಂದ ಬಂದ ಕಣ್ಣು ಇನ್ನೂ ಹೊಂದಿಕೊಂಡಿರುವುದಿಲ್ಲ, ಕೈಯಲ್ಲಿ ಕೊಡೆ, ಹಿಂದಿನಿಂದ ಜನ. ಹಾಗಾಗಿ ಬಾಗಿಲ ಪಕ್ಕದಲ್ಲೇ ಅಂಟಿಸಿದ ಸೂಚನೆ ಗೋಡೆಗೆ ಅಲಂಕಾರ ಅಷ್ಟೇ. ಅದನ್ನು ಸ್ವಲ್ಪ ಒಳಗೆ, ಜನ ಉಸಿರು ಬಿಟ್ಟು ನಿಲ್ಲುವ ಜಾಗಕ್ಕೆ ಸರಿಸಿ.

ಹೆಜ್ಜೆ 2: ಗುರುತು ಹಾಕಿದ ಜಾಗಕ್ಕೆಲ್ಲ ಒಬ್ಬ ಹೊಣೆಗಾರ

ರಂಗಮಂದಿರದಲ್ಲಿ ಈ ಇಡೀ ಮುಂಭಾಗದ ಯಜಮಾನಿಕೆ ಹೌಸ್ ಮ್ಯಾನೇಜರ್‌ದು. ಅವರ ಕೈಕೆಳಗೆ ಟಿಕೆಟ್ ಮಾರುವ ಬಾಕ್ಸ್ ಆಫೀಸಿನವರು, ಬಾಗಿಲಲ್ಲಿ ಟಿಕೆಟ್ ನೋಡುವವರು, ಒಳಗೆ ಸೀಟು ತೋರಿಸುವ ಅಷರ್‌ಗಳು, ಕ್ಲೋಕ್ ರೂಮ್ ಮತ್ತು ತಿಂಡಿ ಕೌಂಟರಿನವರು. ರೆಸ್ಟೋರೆಂಟಿನಲ್ಲಿ ಬಾಗಿಲಲ್ಲಿ ಬರಮಾಡಿಕೊಂಡು ಟೇಬಲ್ಲಿಗೆ ಕೂರಿಸುವ ಹೋಸ್ಟ್, ಆರ್ಡರ್ ತೆಗೆದುಕೊಳ್ಳುವ ಕ್ಯಾಪ್ಟನ್, ಬಡಿಸುವವರು, ಅಡುಗೆಮನೆಯಿಂದ ತಟ್ಟೆ ತರುವ ರನ್ನರ್, ಟೇಬಲ್ ಒರೆಸುವವರು, ಕ್ಯಾಷಿಯರ್. ತಂಗುವ ಹೋಟೆಲಿನಲ್ಲಿ ಡೋರ್‌ಮನ್, ಲಗೇಜ್ ಒಯ್ಯುವವರು, ರಿಸೆಪ್ಷನ್, ಊರಿನ ಮಾಹಿತಿ ಕೊಡುವ ಕನ್ಸಿಯರ್ಜ್.

ಸಣ್ಣ ಜಾಗದಲ್ಲಿ ಒಬ್ಬರೇ ಮೂರು ಕೆಲಸ ಮಾಡುವುದು ಸಹಜ. ಅದರಲ್ಲಿ ತಪ್ಪಿಲ್ಲ. ಆದರೆ ಒಂದೇ ಹೊತ್ತಿನಲ್ಲಿ ಬರುವ ಎರಡು ಕೆಲಸಗಳನ್ನು ಒಬ್ಬರಿಗೆ ಕೊಡಬೇಡಿ. ಬಾಗಿಲಲ್ಲಿ ಬರಮಾಡಿಕೊಳ್ಳುವವರ ಕೈಗೇ ಬುಕಿಂಗ್ ಫೋನ್ ಕೊಟ್ಟರೆ, ಜನ ಜಾಸ್ತಿ ಬರುವ ಹೊತ್ತಿಗೇ ಫೋನೂ ಜಾಸ್ತಿ ಬರುತ್ತದೆ. ಎದುರಿಗೆ ನಿಂತವರನ್ನು ಬಿಟ್ಟು ಫೋನಿಗೆ 'ಹೇಳಿ ಸಾರ್' ಅನ್ನುವುದನ್ನು ನೋಡಿದರೆ ಯಾರಿಗಾದರೂ ಬೇಜಾರಾಗುತ್ತದೆ.

ಅಧಿಕಾರವನ್ನೂ ಮೊದಲೇ ಹಂಚಿಬಿಡಿ. ಸೀಟು ಬದಲಿಸಿ ಕೊಡುವ ಅಧಿಕಾರ ಯಾರಿಗೆ? ಹಣ ವಾಪಸ್ ಕೊಡುವುದು ಯಾರು? ತಣ್ಣಗಾದ ತಟ್ಟೆ ಬದಲಿಸಲು ಮ್ಯಾನೇಜರ್ ಬರಬೇಕಾ? ಚಿಕ್ಕ ಸಮಸ್ಯೆಯನ್ನು ಎದುರಿಗಿರುವವರೇ ಬಗೆಹರಿಸುವಂತಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 'ಕೇಳಿ ಬರ್ತೀನಿ' ಅಂತ ಹೋದವರು ಮರಳಿ ಬರುವಷ್ಟರಲ್ಲಿ ಚಿಕ್ಕದು ದೊಡ್ಡದಾಗಿರುತ್ತದೆ.

ಹೆಜ್ಜೆ 3: ಗಡಿಯಾರದ ಪ್ರಕಾರ ಕೈ ಬದಲಾವಣೆ

ರಂಗಮಂದಿರದ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಪ್ರದರ್ಶನಕ್ಕೆ ಮೊದಲು ಕಟ್ಟಡದಲ್ಲಿ ಎರಡು ಗಡಿಯಾರ ಓಡುತ್ತಿರುತ್ತವೆ: ಪರದೆಯ ಹಿಂದೆ ಸ್ಟೇಜ್ ಮ್ಯಾನೇಜರ್‌ದು, ಮುಂದೆ ಹೌಸ್ ಮ್ಯಾನೇಜರ್‌ದು. ಬ್ರಿಟನ್ನಿನ ರಂಗಮಂದಿರಗಳಲ್ಲಿ ಕಲಾವಿದರಿಗೆ ಕೊಡುವ 'ಅರ್ಧ ಗಂಟೆ' ಕರೆ ಬರುವುದು ಪರದೆ ಏಳುವುದಕ್ಕೆ 35 ನಿಮಿಷ ಮೊದಲು. ಮೊದಲ ದೃಶ್ಯದವರು ರಂಗದ ಪಕ್ಕ ಬಂದು ನಿಲ್ಲಲು ಕೊನೆಯ 5 ನಿಮಿಷ ಬೇಕು ಎಂಬ ಲೆಕ್ಕ ಅದು.

ಮುಂಭಾಗದಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು ಸಭಾಂಗಣದ ಬಾಗಿಲು ತೆಗೆಯುತ್ತಾರೆ. ಆದರೆ ಹೌಸ್ ಮ್ಯಾನೇಜರ್ ತಮ್ಮಷ್ಟಕ್ಕೆ ತಾವೇ ತೆಗೆಯುವಂತಿಲ್ಲ. ರಂಗದ ಮೇಲೆ ಏಣಿ ಇರಬಹುದು, ಯಾರೋ ದೀಪ ಸರಿ ಮಾಡುತ್ತಿರಬಹುದು. ಸ್ಟೇಜ್ ಮ್ಯಾನೇಜರ್ 'ನಮ್ಮದು ಮುಗಿಯಿತು, ಜನರನ್ನು ಬಿಡಿ' ಅಂದ ಮೇಲೆಯೇ ಬಾಗಿಲು. ಅಲ್ಲಿಂದ ಸಭಾಂಗಣ ಹೌಸ್ ಮ್ಯಾನೇಜರ್ ಸುಪರ್ದಿಗೆ. ಎಲ್ಲರೂ ಕೂತು, ಸೀಟುಗಳ ನಡುವಿನ ಓಣಿಗಳು ಖಾಲಿಯಾಗಿ, ಬಾಗಿಲು ಮುಚ್ಚಿದ ಮೇಲೆ ಅವರು 'ಹೌಸ್ ಕ್ಲಿಯರ್' ಅಂತ ವಾಪಸ್ ಒಪ್ಪಿಸುತ್ತಾರೆ. ಆ ಮಾತು ಬರುವವರೆಗೆ ದೀಪ ಆರಿಸುವಂತಿಲ್ಲ. ಇಂಟರ್ವಲ್‌ನಲ್ಲೂ ಇದೇ ಕ್ರಮ. ಒಂದು ವಾಕ್ಯದ ಈ ಮಾತುಕತೆ ತಪ್ಪಿದರೆ, ಅರ್ಧ ಜನ ಇನ್ನೂ ನಡೆಯುತ್ತಿರುವಾಗಲೇ ಕತ್ತಲಾಗುತ್ತದೆ.

ತಡವಾಗಿ ಬಂದವರ ವಿಷಯವನ್ನೂ ಇವರಿಬ್ಬರೇ ಮೊದಲೇ ಮಾತಾಡಿಕೊಳ್ಳಬೇಕು. ಯಾವ ದೃಶ್ಯ ಮುಗಿದಾಗ ಒಳಗೆ ಬಿಡಬಹುದು, ಎಷ್ಟು ಜನರನ್ನು ಒಟ್ಟಿಗೆ, ಯಾವ ಬಾಗಿಲಿಂದ. ಹೊರಗೆ ಕಾಯುವವರಿಗೆ ಒಂದು ಟಿವಿ ಪರದೆಯಲ್ಲಿ ರಂಗದ ದೃಶ್ಯ ಕಾಣುವಂತಿದ್ದರೆ ಅವರ ಸಿಟ್ಟು ಅರ್ಧ ಇಳಿಯುತ್ತದೆ.

ರೆಸ್ಟೋರೆಂಟಿನಲ್ಲಿ ಈ ಎರಡು ಗಡಿಯಾರ ಅಡುಗೆಮನೆ ಮತ್ತು ಹೋಸ್ಟ್. ಎಂಟು ಗಂಟೆಗೆ ಇಪ್ಪತ್ತು ಟೇಬಲ್ ಬುಕ್ ಮಾಡಿಕೊಂಡು, ಎಂಟಕ್ಕೇ ಎಲ್ಲರನ್ನೂ ಕೂರಿಸಿದರೆ ಇಪ್ಪತ್ತು ಆರ್ಡರ್ ಒಟ್ಟಿಗೆ ಒಲೆಯ ಮುಂದೆ ಬೀಳುತ್ತವೆ. ಬುಕಿಂಗನ್ನು ಕಾಲು ಕಾಲು ಗಂಟೆಗೆ ಹಂಚಿ. ಕೂರಿಸುವಾಗಲೂ ಒಬ್ಬರೇ ಬಡಿಸುವವರ ಪಾಲಿಗೆ ಸತತ ಮೂರು ಟೇಬಲ್ ಬೀಳದಂತೆ ಸುತ್ತಿನ ಪ್ರಕಾರ ಕೊಡಿ. ಖಾಲಿ ಟೇಬಲ್ ಕಣ್ಣೆದುರೇ ಇದ್ದೂ ಕಾಯಿಸುತ್ತಿದ್ದಾರೆ ಅಂತ ಜನರಿಗೆ ಅನ್ನಿಸಬಹುದು. ಕಾರಣ ಹೇಳಿಬಿಡಿ: 'ಹತ್ತು ನಿಮಿಷ ಕಾದರೆ ಊಟ ಬೇಗ ಬರುತ್ತೆ.' ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಕಾಯುವಿಕೆ, ಗೊತ್ತಿರುವುದಕ್ಕಿಂತ ಉದ್ದ ಅನ್ನಿಸುತ್ತದೆ. ಹೇಳುವ ಸಮಯ ಮಾತ್ರ ಸ್ವಲ್ಪ ಜಾಸ್ತಿಯೇ ಇರಲಿ. ಹದಿನೈದು ಅಂದು ಹತ್ತಕ್ಕೆ ಕರೆದರೆ ಖುಷಿ, ಹತ್ತು ಅಂದು ಹದಿನೈದಕ್ಕೆ ಕರೆದರೆ ಜಗಳ.

ಹೆಜ್ಜೆ 4: ಇಂಟರ್ವಲ್‌ನ ಲೆಕ್ಕ ಹಾಕಿ

ಇದನ್ನು ಅಂದಾಜಿಗೆ ಬಿಡಬೇಡಿ. 600 ಸೀಟಿನ ಮಂದಿರ ತುಂಬಿದೆ, ಇಂಟರ್ವಲ್ 20 ನಿಮಿಷ ಅಂದುಕೊಳ್ಳಿ. ಮೂರರಲ್ಲಿ ಒಬ್ಬರು ಏನಾದರೂ ಕೊಳ್ಳುತ್ತಾರೆ, ಅಂದರೆ 200 ಜನ. ಇಬ್ಬಿಬ್ಬರಾಗಿ ಬಂದರೆ 100 ಆರ್ಡರ್. ಹೊರಗೆ ಬರುವುದಕ್ಕೆ, ಮತ್ತೆ ಒಳಗೆ ಹೋಗುವುದಕ್ಕೆ ಸಮಯ ಕಳೆದರೆ ಮಾರಾಟಕ್ಕೆ ಸಿಗುವುದು ಸುಮಾರು 12 ನಿಮಿಷ, ಅಂದರೆ 720 ಸೆಕೆಂಡ್. ಒಂದು ಆರ್ಡರಿಗೆ 45 ಸೆಕೆಂಡ್ ಹಿಡಿದರೆ ಒಬ್ಬರ ಕೈಯಲ್ಲಿ ಆಗುವುದು 16. ನೂರಕ್ಕೆ ಆರೇಳು ಜನ ಬೇಕು. ಇಬ್ಬರನ್ನು ನಿಲ್ಲಿಸಿ 'ಕೈ ಬೀಸಿ ಕೆಲಸ ಮಾಡಿ' ಅಂತ ಗದರಿದರೆ ಲೆಕ್ಕ ಬದಲಾಗುವುದಿಲ್ಲ.

ಆದರೆ ಲೆಕ್ಕ ಬದಲಿಸುವ ದಾರಿಗಳಿವೆ. ಪ್ರದರ್ಶನಕ್ಕೆ ಮೊದಲೇ 40 ಆರ್ಡರ್ ತೆಗೆದುಕೊಂಡು, ಹೆಸರು ಬರೆದು ಪಕ್ಕದ ಮೇಜಿನ ಮೇಲೆ ಜೋಡಿಸಿಟ್ಟರೆ ಕೌಂಟರಿಗೆ ಉಳಿಯುವುದು 60. ಆಗ ನಾಲ್ಕು ಜನ ಸಾಕು. ಇಂಟರ್ವಲ್‌ಗೆ ಮಾತ್ರ ಪಟ್ಟಿಯನ್ನು ಚಿಕ್ಕದು ಮಾಡಿದರೆ ಒಂದೊಂದು ಆರ್ಡರಿನ ಸಮಯವೂ ಇಳಿಯುತ್ತದೆ. ನಾಲ್ಕು ಕೌಂಟರಿಗೆ ನಾಲ್ಕು ಸಾಲು ಮಾಡುವ ಬದಲು ಒಂದೇ ಸಾಲು ಮಾಡಿ, ಯಾವ ಕೌಂಟರ್ ಖಾಲಿಯೋ ಅಲ್ಲಿಗೆ ಕರೆಯಿರಿ. ಆಮೇಲೆ ಬಂದವರು ಮೊದಲು ಹೋದರು ಎಂಬ ತಕರಾರೇ ಇರುವುದಿಲ್ಲ.

ಶೌಚಾಲಯಕ್ಕೂ ಇದೇ ಲೆಕ್ಕ ಹಾಕಿ ನೋಡಿ, ಗಾಬರಿಯಾಗುತ್ತದೆ. 300 ಹೆಂಗಸರಲ್ಲಿ ಅರ್ಧ ಜನ ಎದ್ದು ಹೋದರೂ 150. ತಲಾ ಒಂದೂವರೆ ನಿಮಿಷ ಅಂದರೆ 12 ನಿಮಿಷದಲ್ಲಿ ಒಂದು ಕೋಣೆಗೆ 8 ಜನ. ಅಲ್ಲಿಗೆ 19 ಕೋಣೆ ಬೇಕು. ಗಂಡಸರಿಗೂ ಹೆಂಗಸರಿಗೂ ಸಮನಾಗಿ ಜಾಗ ಹಂಚಿದ್ದೇವೆ ಅಂತ ನಕ್ಷೆ ಮಾಡುವವರು ಹೇಳುತ್ತಾರೆ. ಅದೇ ಜಾಗದಲ್ಲಿ ಗಂಡಸರ ಕಡೆ ಜಾಸ್ತಿ ಜನಕ್ಕೆ ಅನುಕೂಲ ಆಗುತ್ತದೆ, ಹೆಂಗಸರಿಗೆ ಸಮಯವೂ ಜಾಸ್ತಿ ಬೇಕು. ಇದು ಸಮಾನತೆಯಲ್ಲ. ನ್ಯೂಯಾರ್ಕ್ ನಗರ 2005ರಲ್ಲೇ ಹೊಸ ಬಾರ್, ರಂಗಮಂದಿರದಂಥ ಜಾಗಗಳಲ್ಲಿ ಹೆಂಗಸರಿಗೆ ಎರಡು, ಗಂಡಸರಿಗೆ ಒಂದು ಎಂಬ ಪ್ರಮಾಣದಲ್ಲಿ ಶೌಚಾಲಯ ಇರಬೇಕು ಅಂತ ಕಾನೂನು ಮಾಡಿತು. ಹಳೆಯ ಕಟ್ಟಡದಲ್ಲಿ ಹೊಸ ಕೋಣೆ ಕಟ್ಟಲಾಗದಿದ್ದರೆ ಇಂಟರ್ವಲ್ ಐದು ನಿಮಿಷ ಉದ್ದ ಮಾಡಿ. ಬೆಲ್ ಬಾರಿಸುವ ಮುಂಚೆ ಒಬ್ಬರು ಹೋಗಿ ಸಾಲು ಎಷ್ಟಿದೆ ನೋಡಿ ಬರಲಿ.

ಹೆಜ್ಜೆ 5: ಜಾಗವೇ ಕೆಲಸ ಮಾಡುವಂತೆ ಮಾಡಿ

ಕೌಂಟರಿನಲ್ಲಿ ಕೂತವರಿಗೆ ಬಾಗಿಲು ನೇರ ಕಾಣಬೇಕು. ಬಂದವರಿಗೂ ಕೌಂಟರ್ ನೇರ ಕಾಣಬೇಕು. ಕೌಂಟರಿನ ಒಂದು ಭಾಗ ತಗ್ಗಿರಲಿ, ಗಾಲಿಕುರ್ಚಿಯಲ್ಲಿ ಕೂತವರು ತಲೆ ಎತ್ತಿ ಮಾತಾಡುವಂತಾಗಬಾರದು. ಅವರ ಕುರ್ಚಿ ಪೂರ್ತಿ ತಿರುಗಲು ಒಂದೂವರೆ ಮೀಟರ್ ಅಗಲದ ಖಾಲಿ ಜಾಗ ಬೇಕು. ಇಳಿಜಾರು ದಾರಿ 12 ಅಡಿಗೆ 1 ಅಡಿಗಿಂತ ಕಡಿದಾಗಿರಬಾರದು. ಸಭಾಂಗಣದಲ್ಲಿ ಅವರ ಜಾಗವನ್ನು ಹಿಂದಿನ ಮೂಲೆಗೆ ತಳ್ಳುವುದು ಸರಿಯಲ್ಲ. ಪಕ್ಕದಲ್ಲಿ ಜೊತೆಯವರಿಗೂ ಸೀಟು ಇರಲಿ.

ಲಾಬಿಗೂ ಸಭಾಂಗಣಕ್ಕೂ ನಡುವೆ ಒಂದೇ ಬಾಗಿಲಿದ್ದರೆ, ತೆಗೆದಾಗಲೆಲ್ಲ ಹೊರಗಿನ ಬೆಳಕು, ಗದ್ದಲ ಒಳಗೆ ನುಗ್ಗುತ್ತದೆ. ಎರಡು ಬಾಗಿಲು, ನಡುವೆ ಮಂದ ಬೆಳಕಿನ ಪುಟ್ಟ ಕೋಣೆ. ಇಷ್ಟಿದ್ದರೆ ಅಷರ್ ಒಂದನ್ನು ಮುಚ್ಚಿದ ಮೇಲೆ ಇನ್ನೊಂದನ್ನು ತೆಗೆಯಬಹುದು, ಬಂದವರ ಕಣ್ಣೂ ಕತ್ತಲಿಗೆ ಸ್ವಲ್ಪ ಹೊಂದಿಕೊಳ್ಳುತ್ತದೆ. ಸಭಾಂಗಣದ ಬಾಗಿಲ ಚಿಲಕ 'ಟಕ್' ಅನ್ನಬಾರದು. ಮೆಟ್ಟಿಲಂಚಿನಲ್ಲಿ ಸಣ್ಣ ದೀಪ ಇದ್ದೇ ಇರಬೇಕು.

ಸಾಲುಗಳಿಗೆ ಇಂಗ್ಲಿಷ್ ಅಕ್ಷರ ಕೊಡುವುದಾದರೆ 'ಐ' ಮತ್ತು 'ಓ' ಬಿಟ್ಟುಬಿಡಿ. ಅವು ಒಂದು, ಸೊನ್ನೆಯಂತೆ ಕಾಣುತ್ತವೆ. ಎಷ್ಟೋ ರಂಗಮಂದಿರಗಳು ಅದಕ್ಕೇ ಅವನ್ನು ಬಳಸುವುದಿಲ್ಲ. ಸೀಟಿನ ಸಂಖ್ಯೆ ಟಾರ್ಚ್ ಬೆಳಕಿನಲ್ಲಿ ಓದಲು ಬರುತ್ತದಾ ಅಂತ ದೀಪ ಆರಿಸಿಯೇ ಪರೀಕ್ಷೆ ಮಾಡಿ.

ಸೀಟಿನ ಜೋಡಣೆ ಬದಲಾದರೆ ಸಿಬ್ಬಂದಿಯ ಕೆಲಸವೂ ಬದಲಾಗುತ್ತದೆ. ಜರ್ಮನಿಯ ಬೈರಾಯ್ಟ್‌ನಲ್ಲಿ 1876ರಲ್ಲಿ ಶುರುವಾದ ಉತ್ಸವ ರಂಗಮಂದಿರದಲ್ಲಿ ನಡುವೆ ಓಣಿಯೇ ಇಲ್ಲ. ಉದ್ದನೆಯ ಸಾಲುಗಳು, ಎರಡೂ ಪಕ್ಕದಲ್ಲಿ ಬಾಗಿಲು. ನೋಟ ಎಲ್ಲರಿಗೂ ಚೆನ್ನ. ಆದರೆ ತಪ್ಪು ಪಕ್ಕದಿಂದ ಬಂದವರು ಸಾಲಿಗೆ ಸಾಲನ್ನೇ ಎಬ್ಬಿಸಬೇಕು. ಇಂಥ ಕಡೆ ಅಷರ್‌ನ ಮುಖ್ಯ ಕೆಲಸ ಒಳಗಲ್ಲ, ಹೊರಗೇ: ಎಡವೋ ಬಲವೋ ಅಂತ ಲಾಬಿಯಲ್ಲೇ ದಾರಿ ಹೇಳುವುದು. ಅದರ ಹಿಂದಿನ ವರ್ಷ, 1875ರಲ್ಲಿ, ಪ್ಯಾರಿಸ್ಸಿನಲ್ಲಿ ತೆರೆದ ಗಾರ್ನಿಯೇ ಒಪೆರಾ ಮಂದಿರದ ಮನಸ್ಸೇ ಬೇರೆ. ಅಲ್ಲಿನ ಭಾರಿ ಮೆಟ್ಟಿಲುಗಳನ್ನು ಜನ ಒಬ್ಬರನ್ನೊಬ್ಬರು ನೋಡಲಿ ಅಂತಲೇ ಕಟ್ಟಿದ್ದು. ನಿಮ್ಮ ಲಾಬಿ ಜನ ನಿಂತು ಹರಟುವ ಜಾಗವೋ, ಬೇಗ ದಾಟಿ ಹೋಗುವ ಜಾಗವೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಎರಡೂ ಆಗಬೇಕು ಅಂತ ಓಡಾಟದ ದಾರಿಯಲ್ಲೇ ಸೋಫಾ ಇಟ್ಟರೆ ಎರಡೂ ಆಗುವುದಿಲ್ಲ.

ಹೆಜ್ಜೆ 6: ಹೊರಹೋಗುವ ಬಾಗಿಲು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೋಕ್ವಾಯ್ ರಂಗಮಂದಿರಕ್ಕೆ ಬೆಂಕಿ ಬಿತ್ತು. ಆರು ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಂಗಸರು ಮಕ್ಕಳೇ ಜಾಸ್ತಿ. ಕಟ್ಟಡ ಹೊಚ್ಚ ಹೊಸದು, ತೆರೆದು ಆರು ವಾರವೂ ಆಗಿರಲಿಲ್ಲ. ಕೆಲವು ಬಾಗಿಲುಗಳನ್ನು ಪರದೆ ಮುಚ್ಚಿತ್ತು, ಕೆಲವದರ ಚಿಲಕ ತೆಗೆಯುವುದು ಹೇಗೆಂದು ಜನರಿಗೆ ಗೊತ್ತಾಗಲಿಲ್ಲ. ಮೆಟ್ಟಿಲಲ್ಲಿ ಕಬ್ಬಿಣದ ಗೇಟುಗಳಿಗೆ ಬೀಗ ಹಾಕಿದ್ದರು. ಕಡಿಮೆ ಬೆಲೆಯ ಬಾಲ್ಕನಿ ಟಿಕೆಟಿನವರು ಕೆಳಗಿನ ಒಳ್ಳೆ ಸೀಟಿಗೆ ಬಂದು ಕೂರಬಾರದು ಅಂತ! ಅಷರ್‌ಗಳಿಗೆ ಬೆಂಕಿಯ ತಾಲೀಮೇ ಆಗಿರಲಿಲ್ಲ. ಒಳಗಿಂದ ಸುಮ್ನೆ ಒತ್ತಿದರೆ ತೆರೆದುಕೊಳ್ಳುವ ಅಡ್ಡಪಟ್ಟಿಯ ಬಾಗಿಲುಗಳು ಅಮೆರಿಕದಲ್ಲಿ ಬಳಕೆಗೆ ಬಂದದ್ದು ಈ ದುರಂತದ ನಂತರ.

1942ರ ನವೆಂಬರ್‌ನಲ್ಲಿ ಬಾಸ್ಟನ್ನಿನ ಕೋಕನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿನಲ್ಲಿ 492 ಜನ ಸತ್ತಾಗಲೂ ಅದೇ. ಮುಖ್ಯ ದ್ವಾರದಲ್ಲಿದ್ದ ಸುತ್ತುವ ಬಾಗಿಲು ಜನರ ನೂಕಿಗೆ ಸಿಕ್ಕಿಕೊಂಡಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ ಬಿದ್ದಿತ್ತು, ಕೆಲವು ಒಳಮುಖವಾಗಿ ತೆರೆಯುತ್ತಿದ್ದವು. ಸುತ್ತುವ ಬಾಗಿಲಿನ ಪಕ್ಕದಲ್ಲಿ ಮಾಮೂಲಿ ಬಾಗಿಲೂ ಇರಬೇಕು ಎಂಬ ನಿಯಮದ ಹಿಂದೆ ಇರುವುದು ಈ ಸಾವುಗಳು.

ಷಿಕಾಗೋದ ಆ ಗೇಟುಗಳಿಗೆ ಬೀಗ ಬಿದ್ದದ್ದು ಟಿಕೆಟ್ ನಿಭಾಯಿಸುವ ಅನುಕೂಲಕ್ಕೆ, ಅಂದರೆ ನಮ್ಮದೇ ವಿಭಾಗದ ಕೆಲಸಕ್ಕೆ ಎಂಬುದನ್ನು ಮರೆಯಬಾರದು. ಆದ್ದರಿಂದ ಜನರನ್ನು ಬಿಡುವ ಮೊದಲು, ಪ್ರತಿ ಸಲವೂ, ಒಬ್ಬರು ಹೊರಹೋಗುವ ಬಾಗಿಲುಗಳನ್ನೆಲ್ಲ ಕೈಯಿಂದ ಒತ್ತಿ ತೆರೆದು ನೋಡಲಿ. ದೂರದಿಂದ ಕಣ್ಣಲ್ಲಿ ನೋಡಿದರೆ ಸಾಲದು. ಬಾಗಿಲ ಆಚೆ ಕುರ್ಚಿ ರಾಶಿ, ನೀರಿನ ಕ್ಯಾನು, ನಿಲ್ಲಿಸಿದ ಗಾಡಿ ಇಲ್ಲ ಅಂತಲೂ ನೋಡಲಿ. ಯಾವ ಅಷರ್ ಯಾವ ಬಾಗಿಲಿಗೆ ಎಂಬುದು ಹೆಸರು ಸಮೇತ ಗೋಡೆಯ ಮೇಲಿರಲಿ. ಜನ ಅಭ್ಯಾಸಬಲದಿಂದ ಬಂದ ಬಾಗಿಲ ಕಡೆಗೇ ಓಡುತ್ತಾರೆ. ಹತ್ತಿರದ ಬೇರೆ ಬಾಗಿಲಿಗೆ ತಿರುಗಿಸಲು ಗಟ್ಟಿ ದನಿಯ ಮನುಷ್ಯರೇ ಬೇಕು. ಗಾಲಿಕುರ್ಚಿಯವರ ಜೊತೆ ಯಾರು ಹೋಗುತ್ತಾರೆ ಎಂಬುದೂ ಆ ಪಟ್ಟಿಯಲ್ಲಿ ಇರಬೇಕು.

ಹೆಜ್ಜೆ 7: ಹತ್ತು ನಿಮಿಷದ ಸಭೆ

ಬಾಗಿಲು ತೆಗೆಯುವ ಮೊದಲು ಎಲ್ಲರನ್ನೂ ನಿಲ್ಲಿಸಿ ಹತ್ತು ನಿಮಿಷ ಮಾತಾಡಿ. ಇವತ್ತು ಎಷ್ಟು ಸೀಟು ಹೋಗಿದೆ, ಪ್ರದರ್ಶನ ಎಷ್ಟು ಹೊತ್ತು, ಇಂಟರ್ವಲ್ ಯಾವಾಗ, ಹೊಗೆ, ಮಿಂಚುವ ದೀಪ, ಗುಂಡಿನ ಸದ್ದು ಇದೆಯಾ, ಗಾಲಿಕುರ್ಚಿಯವರು ಎಷ್ಟು ಜನ. ರೆಸ್ಟೋರೆಂಟಾದರೆ ಇವತ್ತು ಯಾವ ತಿಂಡಿ ಇಲ್ಲ, ಯಾವುದರಲ್ಲಿ ಕಡಲೆಬೀಜ ಇದೆ, ದೊಡ್ಡ ಗುಂಪು ಎಷ್ಟಕ್ಕೆ ಬರುತ್ತದೆ.

ಆಮೇಲೆ ಒಂದು ಸನ್ನಿವೇಶ ಆಡಿಸಿ. ಒಂದೇ ಸೀಟಿಗೆ ಇಬ್ಬರು ಬಂದು ನಿಂತಿದ್ದಾರೆ, ಇಬ್ಬರ ಕೈಯಲ್ಲೂ ಟಿಕೆಟ್ ಇದೆ. ಮೊದಲು 'ಎರಡೂ ಟಿಕೆಟ್ ಸ್ವಲ್ಪ ಕೊಡಿ' ಅನ್ನಿ. ತಾರೀಖು ನೋಡಿ, ಆಮೇಲೆ ಹೊತ್ತು, ಆಮೇಲೆ ಬಾಲ್ಕನಿಯೋ ಕೆಳಗೋ, ಕೊನೆಗೆ ಸಾಲು. ಇಷ್ಟರಲ್ಲೇ ಎಷ್ಟೋ ಗೊಂದಲ ಕರಗುತ್ತದೆ: ಒಬ್ಬರದು ನಾಳೆಯ ಟಿಕೆಟ್, ಇಲ್ಲವೇ ಮೇಲಿನ ಸಾಲು. ತಪ್ಪು ಕಂಡರೆ ಎಲ್ಲರೆದುರು ಜೋರಾಗಿ ಹೇಳಬೇಡಿ. 'ಬನ್ನಿ ಅಮ್ಮಾ, ನಿಮ್ಮದು ಮೇಲೆ, ನಾನೇ ಕರೆದುಕೊಂಡು ಹೋಗ್ತೀನಿ' ಅಂದರೆ ಸಾಕು. ನಿಜಕ್ಕೂ ಎರಡು ಸಲ ಮಾರಾಟ ಆಗಿದ್ದರೆ ಮಾತು ಬೆಳೆಸದೆ ಒಬ್ಬರಿಗೆ ಬೇರೆ ಒಳ್ಳೆ ಸೀಟು ಕೊಡಿ. ಅದಕ್ಕಾಗಿಯೇ ರಂಗಮಂದಿರಗಳು ಒಂದಷ್ಟು ಸೀಟನ್ನು ಮಾರದೆ ಕೊನೆಯ ಗಳಿಗೆಯವರೆಗೆ ಕೈಯಲ್ಲಿ ಇಟ್ಟುಕೊಳ್ಳುತ್ತವೆ. ಅವು ರಂಗ ಚೆನ್ನಾಗಿ ಕಾಣುವ ಒಳ್ಳೆ ಸೀಟುಗಳೇ ಆಗಿರಲಿ, ಕಂಬದ ಹಿಂದಿನವು ಬೇಡ.

ಹೆಜ್ಜೆ 8: ಆ ರಾತ್ರಿಯ ವರದಿ

ಜನರೆಲ್ಲ ಹೋದ ಮೇಲೆ ಹೌಸ್ ಮ್ಯಾನೇಜರ್ ಒಂದು ಪುಟ ಬರೆಯಬೇಕು. ಎಷ್ಟು ಜನ ಬಂದರು, ಪರದೆ ಎಷ್ಟು ಹೊತ್ತಿಗೆ ಎದ್ದಿತು, ಇಂಟರ್ವಲ್ ಎಷ್ಟು ನಿಮಿಷ ಎಳೆಯಿತು, ಯಾರಾದರೂ ಬಿದ್ದರಾ, ತಕರಾರು ಏನು ಬಂತು, ಏನು ಮಾಡಿದಿರಿ. ಇದರಲ್ಲಿ 'ಯಾರು' ಎಂಬುದರ ಜೊತೆ 'ಎಲ್ಲಿ' ಎಂಬುದನ್ನೂ ಬರೆಸಿ. 'ಇಬ್ಬರು ಎಡವಿದರು' ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. 'ಎಡಗಡೆ ಓಣಿಯ ಮೂರನೇ ಮೆಟ್ಟಿಲಲ್ಲಿ ಇಬ್ಬರು ಎಡವಿದರು' ಅಂತ ಬರೆದರೆ ಬೆಳಗ್ಗೆ ಎಲೆಕ್ಟ್ರಿಷಿಯನ್‌ಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುತ್ತದೆ. ತಿಂಗಳಿಗೊಮ್ಮೆ ಈ ಪುಟಗಳನ್ನೆಲ್ಲ ಕಟ್ಟಡದ ನಕ್ಷೆಯ ಪಕ್ಕ ಹರಡಿಕೊಂಡು ಕೂರಿ. ಒಂದೇ ಜಾಗದಲ್ಲಿ ಬೇರೆ ಬೇರೆ ಸಿಬ್ಬಂದಿಗೆ ಅದೇ ತೊಂದರೆ ಮತ್ತೆ ಮತ್ತೆ ಬಂದಿದ್ದರೆ, ಸಿಬ್ಬಂದಿಗೆ ನೋಟಿಸ್ ಕೊಡುವ ಮೊದಲು ಬಡಗಿಯನ್ನು ಕರೆಸಿ.